ಡಿಸೈರ್‌ನ ಹೆಸರು, ಸಿಯಾಜ್‌ನ ಹಿಂದಿನ ಸೀಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಮನೆಯಲ್ಲಾದರೂ ಕಾರು ತರುವ ಮಾತು ಎದ್ದರೆ ಮೊದಲು ಬರುವ ಹೆಸರು ಡಿಸೈರ್. ಬಹಳ ಸಲ ಮಾತು ಅಲ್ಲಿಗೇ ಮುಗಿಯುತ್ತದೆ. ‘ಮೈಲೇಜ್ ಕೊಡ್ತೈತಿ, ಪಾರ್ಟ್ಸ್ ಎಲ್ಲಾ ಕಡೆ ಸಿಗ್ತಾವ, ನಾಳೆ ಮಾರಿದ್ರ ರೊಕ್ಕ ಬರ್ತೈತಿ.’ ಮೂರೂ ನಿಜ. ಆದರೆ ಮೂರೂ ದುಡ್ಡಿನ ಮಾತುಗಳೇ. ಗಾಡಿಯಲ್ಲಿ ಕೂತು ಹೋಗುವವರ ವಿಷಯ ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಅದೇ ಮಾರುತಿ ಕಂಪನಿ 2014ರ ಅಕ್ಟೋಬರ್‌ನಲ್ಲಿ ತಂದು 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿದ ಸಿಯಾಜ್‌ಗೆ ಹತ್ತು ವರ್ಷದಲ್ಲಿ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ಈ ನಾಲ್ಕು ತಾಲೂಕಿನ ಮನೆತನಗಳಿಗೆ ಹೊಸ ಡಿಸೈರ್‌ಗಿಂತ ಎರಡು-ಮೂರು ವರ್ಷ ಓಡಿದ ಪೆಟ್ರೋಲ್ ಸಿಯಾಜ್ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಸೈರ್‌ನ ಹಿಂಭಾಗದಿಂದಲೇ ಶುರು ಮಾಡೋಣ, ಯಾಕೆಂದರೆ ಅದರ ಚರಿತ್ರೆ ಅಲ್ಲಿದೆ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಒಳಗಿನ ಸಣ್ಣ ಎಂಜಿನ್ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಸೈರ್ 4160 ಮಿ.ಮೀ. ಉದ್ದವಿತ್ತು, ಡಿಕ್ಕಿಯಲ್ಲಿ 440 ಲೀಟರ್ ಜಾಗವಿತ್ತು. 2012ರ ಡಿಸೈರ್ ಆ ಸುಂಕದ ಗೆರೆಯೊಳಗೆ ನುಸುಳಲು 3995 ಮಿ.ಮೀ.ಗೆ ಕುಗ್ಗಿತು, ಡಿಕ್ಕಿ 316 ಲೀಟರ್‌ಗೆ ಇಳಿಯಿತು. ಮುಂದಿನ ಅವತಾರಗಳಲ್ಲಿ ಆ ಹಿಂಭಾಗವನ್ನು ಕಣ್ಣಿಗೆ ಒಪ್ಪುವಂತೆ ತಿದ್ದಿದರು. 2024ರ ನವೆಂಬರ್‌ನಲ್ಲಿ ಬಂದ ನಾಲ್ಕನೆಯ ಡಿಸೈರ್‌ನ ಡಿಕ್ಕಿ 382 ಲೀಟರ್. ಅಂದರೆ 2008ರ ಗಾಡಿಯ ಅಳತೆಯನ್ನು ಅದು ಇವತ್ತಿಗೂ ಮುಟ್ಟಿಲ್ಲ. ಈ ಕಾರಿನ ಉದ್ದವನ್ನು ನಿಶ್ಚಯಿಸಿದ್ದು ತೆರಿಗೆಯ ಪಟ್ಟಿ. ಸಿಯಾಜ್‌ನ ಉದ್ದ 4490 ಮಿ.ಮೀ., ಡಿಕ್ಕಿ 510 ಲೀಟರ್. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮನೆಯವರು ಪಾತ್ರೆ-ಪಗಡ, ಸ್ಟವ್, ಹಾಸಿಗೆ, ಪಡ್ಡಲಗಿ ತುಂಬಿಸುವ ಸಾಮಾನು, ರೊಟ್ಟಿಯ ಗಂಟು ಎಲ್ಲವನ್ನೂ ಹೊತ್ತು ಹೊರಡುತ್ತಾರೆ. ಆ 128 ಲೀಟರ್ ವ್ಯತ್ಯಾಸ ಅವರಿಗೆ ಕಾಲ ಬಳಿ ಚೀಲ ಇಟ್ಟುಕೊಂಡು ಕೂರುವ, ಇಟ್ಟುಕೊಳ್ಳದೆ ಕೂರುವ ವ್ಯತ್ಯಾಸ. ಸಿಎನ್‌ಜಿ ಡಿಸೈರ್ ಕೊಂಡವರ ಡಿಕ್ಕಿಯಲ್ಲಂತೂ ಸಿಲಿಂಡರೇ ಕೂತಿರುತ್ತದೆ.

ಡಿಕ್ಕಿಯ ಮಾತು ಸುಲಭ. ಹಿಂದಿನ ಸೀಟಿನ ಮಾತು ಸುಲಭವಲ್ಲ, ಅದರಲ್ಲಿ ಅವಸರ ಮಾಡಿದ್ದರಿಂದಲೇ ಎರಡೂ ಗಾಡಿಗಳ ಬಗೆಗೆ ತಪ್ಪು ತೀರ್ಪುಗಳು ಬಂದಿವೆ.

ಸಿಯಾಜ್ ದೊಡ್ಡ ಗಾಡಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ದೊಡ್ಡದು, ಯಾವ ದಿಕ್ಕಿನಲ್ಲಿ? ಅಗಲದಲ್ಲಿ ಸಿಯಾಜ್ 1730 ಮಿ.ಮೀ., ಡಿಸೈರ್ 1735. ಮೂರು ಜನ ದೊಡ್ಡವರು ಹಿಂದೆ ಕೂತರೆ ಭುಜಕ್ಕೆ ಭುಜ ತಾಗುವುದು ಎರಡರಲ್ಲೂ ಒಂದೇ. ಎತ್ತರದಲ್ಲಿ ಸಿಯಾಜ್ 1485, ಹೊಸ ಡಿಸೈರ್ 1525. ಅಂದರೆ ತಲೆ ಬಗ್ಗಿಸಿ ಒಳಗೆ ಹೋಗುವ ವಿಷಯದಲ್ಲಿ ಸಣ್ಣ ಗಾಡಿಯೇ ನಾಲ್ಕು ಸೆಂಟಿಮೀಟರ್ ಮುಂದಿದೆ. ಸಿಯಾಜ್‌ನ ಅಭಿಮಾನಿಗಳು ಈ ಎರಡು ಅಂಕಿಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕು. ಲಾಭವೆಲ್ಲ ಇರುವುದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರದಲ್ಲಿ. ಸಿಯಾಜ್‌ದು 2650 ಮಿ.ಮೀ., ಡಿಸೈರ್‌ದು 2450. ಇಪ್ಪತ್ತು ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು.

ಆ ಗೇಣು ಎಲ್ಲಿ ಹೋಗುತ್ತದೆ ಎಂದು ನೋಡಬೇಕಾದರೆ ಮೊಣಕಾಲು ನೋವಿನ ಹಿರಿಯರೊಬ್ಬರು ಗಾಡಿ ಹತ್ತುವುದನ್ನು ಗಮನಿಸಬೇಕು. ನಮ್ಮ ಭಾಗದ ತಾಯಂದಿರು ಒಂದು ಕಾಲು ಒಳಗಿಟ್ಟು ಆಮೇಲೆ ಕೂರುವುದಿಲ್ಲ. ಇಳಕಲ್ ಸೀರೆಯ ನಿರಿಗೆ ಒಂದು ಕೈಯಲ್ಲಿ, ಬಾಗಿಲ ಮೇಲಿನ ಹಿಡಿ ಇನ್ನೊಂದು ಕೈಯಲ್ಲಿ ಹಿಡಿದು, ಮೊದಲು ಸೀಟಿನ ಅಂಚಿಗೆ ಅಡ್ಡವಾಗಿ ಕೂರುತ್ತಾರೆ. ಉಸಿರು ಬಿಟ್ಟು, ಎರಡೂ ಕಾಲನ್ನು ಜೊತೆಯಾಗಿ ಒಳಗೆ ತಿರುಗಿಸುತ್ತಾರೆ. ಕಷ್ಟ ಇರುವುದು ಈ ತಿರುಗಿಸುವ ಗಳಿಗೆಯಲ್ಲಿ. ಮುಂದಿನ ಸೀಟಿನ ಬೆನ್ನಿಗೂ ಹಿಂದಿನ ಸೀಟಿನ ಅಂಚಿಗೂ ನಡುವೆ ಜಾಗ ಕಡಿಮೆ ಇದ್ದರೆ ಪಾದ ಬಾಗಿಲ ಕಂಬಕ್ಕೆ ತಾಗುತ್ತದೆ, ಮಡಚಲಾರದ ಮೊಣಕಾಲನ್ನು ಮಡಚಲೇಬೇಕಾಗುತ್ತದೆ. ಡಿಸೈರ್‌ನಲ್ಲಿ ಎತ್ತರದ ಆಳು ಮುಂದೆ ಕೂತಿದ್ದರೆ ಆಗುವುದು ಇದೇ. ಮುಂದಿನವರು ಸೀಟು ಜಗ್ಗಿಕೊಂಡು ಜಾಗ ಬಿಡಬೇಕು. ಸಿಯಾಜ್‌ನಲ್ಲಿ ಆ ಕಾಲು ಮಡಚದೆಯೇ ಒಳಬರುತ್ತದೆ, ಬಂದ ಮೇಲೆ ಚಾಚಿಕೊಂಡೇ ಇರುತ್ತದೆ. ರಾಮದುರ್ಗದಿಂದ ಯರಗಟ್ಟಿ, ನೇಸರಗಿ ಹಾದು ಬೆಳಗಾವಿಯ ಆಸ್ಪತ್ರೆಗೆ ಹೋಗುವ ದಾರಿ ನೂರು ಕಿಲೋಮೀಟರಿನ ಆಸುಪಾಸು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಅದು ಎರಡೂವರೆ ಮೂರು ತಾಸಾಗುತ್ತದೆ. ಅಷ್ಟು ಹೊತ್ತು ಕಾಲು ಮಡಚಿ ಕೂತ ಅವ್ವ ಇಳಿಯುವಾಗ ನಿಲ್ಲಲಾರಳು. ತಲೆಯ ಮೇಲಿನ ನಾಲ್ಕು ಸೆಂಟಿಮೀಟರ್ ಬೇಕಾಗುವುದು ಹತ್ತುವ ಒಂದು ಕ್ಷಣಕ್ಕೆ, ಮೊಣಕಾಲ ಮುಂದಿನ ಗೇಣು ಬೇಕಾಗುವುದು ದಾರಿಯುದ್ದಕ್ಕೂ. ಎರಡನ್ನೂ ತೂಗಿದರೆ ತಕ್ಕಡಿ ಯಾವ ಕಡೆ ಬಾಗಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ಹಂಪ್‌ಗಳು. ಸಿಯಾಜ್‌ನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ., ಡಿಸೈರ್‌ದು 163. ಆದ್ದರಿಂದ ಸಿಯಾಜ್ ಗೆದ್ದಿತು ಎಂದು ಬರೆದವರಿದ್ದಾರೆ. ಇದು ಅರ್ಧ ಓದು. ಚಕ್ರಗಳ ಅಂತರ ಹೆಚ್ಚಿದಷ್ಟೂ ಹಂಪಿನ ನೆತ್ತಿ ಗಾಡಿಯ ಹೊಟ್ಟೆಗೆ ಹತ್ತಿರ ಬರುತ್ತದೆ. ತೀರ ಕೆಳಗಿನ ಜಾಗ ನಟ್ಟನಡುವೆ ಇದೆ ಎಂದು ಹಿಡಿದು ಲೆಕ್ಕ ಹಾಕಿದರೆ ದಾಟಬಲ್ಲ ಕೋನ ಸಿಯಾಜ್‌ಗೆ 14.6 ಡಿಗ್ರಿ, ಡಿಸೈರ್‌ಗೆ 15.2. ಅಂದರೆ ಎರಡೂ ಒಂದೇ, ಕೂದಲೆಳೆಯಷ್ಟು ಡಿಸೈರ್ ಮೇಲು. ಕರಪತ್ರದ ಅಂಕಿ ಖಾಲಿ ಗಾಡಿಯದು. ಐದು ಜನ, ತುಂಬಿದ ಡಿಕ್ಕಿ ಆದಮೇಲೆ ಎರಡೂ ತಗ್ಗುತ್ತವೆ. ಊರಿನವರೇ ಅಳತೆಯಿಲ್ಲದೆ ಕಟ್ಟಿಕೊಂಡ ಹಂಪನ್ನು ಸಿಯಾಜ್‌ನಲ್ಲಿ ಓರೆಯಾಗಿ ದಾಟಬೇಕು, ಡಿಸೈರ್‌ನಲ್ಲೂ ಹಾಗೆಯೇ. ಮನೆಯಿರುವುದು ಹೊಲದಲ್ಲಿ, ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ದಿನಾ ಓಡಾಟ ಅನ್ನುವವರಿಗೆ ಇವೆರಡೂ ಬೇಡ. 198 ಮಿ.ಮೀ. ಎತ್ತರದ ಬ್ರೆಜಾದಂಥದ್ದು ಬೇಕು. ಅದರ ಡಿಕ್ಕಿ 328 ಲೀಟರ್ ಎಂಬುದನ್ನು ತಿಳಿದೇ ಕೊಳ್ಳಬೇಕು. ಅದೂ ನಾಲ್ಕು ಮೀಟರಿನ ಗೆರೆಯೊಳಗೆ ಕತ್ತರಿಸಿದ ಗಾಡಿಯೇ. ಆದರೆ ಡಾಂಬರು ರಸ್ತೆಯ ಊರಿನಲ್ಲಿದ್ದುಕೊಂಡು, ನೆರೆಮನೆಯವರು ತಂದರೆಂದು ಎತ್ತರದ ಗಾಡಿ ತರುವವರು ಬೇಡದ ಎತ್ತರಕ್ಕೆ ದುಡ್ಡು ಕೊಟ್ಟು ಬೇಕಾದ ಉದ್ದವನ್ನು ಬಿಟ್ಟುಕೊಡುತ್ತಿದ್ದಾರೆ.

ಇಲ್ಲಿ ಕಾರು ವಿಮರ್ಶಕರ ಜೊತೆಗಿನ ನನ್ನ ತಕರಾರನ್ನು ಹೇಳಲೇಬೇಕು. ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಕೂತು ಅಂಕ ಕೊಡುವ ಇವರು ಸಿಯಾಜ್‌ಗೆ ‘ಹಳತಾಯಿತು’ ಎಂಬ ಒಂದೇ ಮಾತನ್ನು ವರ್ಷಗಟ್ಟಲೆ ಹೇಳಿದರು. ಕಾರಣಗಳು: ಸನ್‌ರೂಫ್ ಇಲ್ಲ, ಟರ್ಬೊ ಇಲ್ಲ, ಸ್ಕ್ರೀನ್ ಸಣ್ಣದು. ಇವರ ವಿಮರ್ಶೆ ಪೂರ್ತಿ ಚಾಲಕನ ಸೀಟಿನಿಂದ ಬರೆದದ್ದು. ಹಿಂದಿನ ಸೀಟಿಗೆ ಎರಡು ಸಾಲು, ಅದೂ ಆರಡಿ ಎತ್ತರದ ಯುವಕ ತನ್ನ ಹಿಂದೆ ತಾನೇ ಕೂತು ನೋಡಿದ ಎರಡು ಸಾಲು. ಐವತ್ತು ದಾಟಿದ ಹೆಂಗಸನ್ನು ಹತ್ತಿಸಿ ನೋಡಿದವರು ಯಾರು? ಬಾಣಂತಿ, ಕೂಸು, ಕೂಸಿನ ತೊಟ್ಟಿಲ ಸಾಮಾನು ಇಟ್ಟುಕೊಂಡು ತವರಿನಿಂದ ಹೊರಟ ಗಾಡಿಯನ್ನು ಅಳೆದವರು ಯಾರು? ಕನ್ನಡದಲ್ಲಿ ವಿಡಿಯೊ ಮಾಡುವ ಹೊಸಬರು ನಮ್ಮ ನುಡಿಯಲ್ಲಿ ಮಾತಾಡುತ್ತಾರೆ ಎಂಬ ಸಂತೋಷ ನನಗಿದೆ, ಆದರೆ ಅಳತೆಗೋಲು ಮಾತ್ರ ಅದೇ. ಏಪ್ರಿಲ್ ಬಿಸಿಲಿನಲ್ಲಿ ಸವದತ್ತಿಯ ಬಯಲಿನಲ್ಲಿ ಹೋಗುವವರಿಗೆ ಸೂರಿನಲ್ಲಿ ಗಾಜಿನ ಕಿಟಕಿ ಇದ್ದರೇನು ಬಿಟ್ಟರೇನು. ಹಿಂದಿನವರಿಗೆ ಏಸಿಯ ಗಾಳಿ ಬರಬೇಕು, ಸಿಯಾಜ್‌ನಲ್ಲಿ ಅದು ಬರುತ್ತದೆ. ಟರ್ಬೊ ಇಲ್ಲದ 1462 ಸಿಸಿಯ 105 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ ದೋಷವೆಂದು ಇವರು ಬರೆದರು. 2018ರ ಕೊನೆಯಿಂದ 2022ರ ಆರಂಭದವರೆಗಿನ ಎರ್ಟಿಗಾದಲ್ಲಿ ಓಡುವ ಎಂಜಿನ್ನೂ ಇದೇ. ಎಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ತರುವ ಬಾಡಿಗೆ ಎರ್ಟಿಗಾಗಳನ್ನು ಬಿಚ್ಚಿ ಜೋಡಿಸಿದ ಫಿಟ್ಟರ್ ಪ್ರತಿ ಊರಿನಲ್ಲಿದ್ದಾನೆ. ತಾಲೂಕು ಊರಿನ ಮನೆಗೆ ಇದಕ್ಕಿಂತ ದೊಡ್ಡ ಗುಣ ಯಾವುದು? ವಿಮರ್ಶಕರು ಗುಣವನ್ನೇ ದೋಷದ ಪಟ್ಟಿಗೆ ಸೇರಿಸಿದರು, ಕೊಳ್ಳುವವರು ನಂಬಿದರು, ಗಾಡಿ ನಿಂತಿತು.

ಮೈಲೇಜ್‌ನವರಿಗೂ ಉತ್ತರ ಕೊಡಬೇಕು. ಕಂಪನಿಯ ಅಂಕಿಯಂತೆ ಹೊಸ ಮ್ಯಾನ್ಯುಯಲ್ ಡಿಸೈರ್ ಲೀಟರಿಗೆ 24.79 ಕಿ.ಮೀ., ಸಿಯಾಜ್ 20.65. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಮನೆಗೆ ವ್ಯತ್ಯಾಸ 81 ಲೀಟರ್ ಪೆಟ್ರೋಲ್. ಮನೆಯ ಎಲ್ಲರೂ ವರ್ಷವಿಡೀ ಕಾಲು ಚಾಚಿ ಕೂರುವುದಕ್ಕೆ ಅದು ಹೆಚ್ಚಿನ ಬೆಲೆಯಲ್ಲ. ಬಾಡಿಗೆಗೆ ಓಡಿಸುವವರ ಲೆಕ್ಕ ಬೇರೆ. ಅವರು ಡಿಸೈರ್ ಕೊಳ್ಳುವುದು ಸರಿಯೇ ಇದೆ.

ಡಿಸೈರ್ ಪರವಾಗಿ ನಿಜವಾಗಿ ತೂಕವಿರುವ ವಾದ ಒಂದೇ, ಸುರಕ್ಷತೆ. 2024ರ ಡಿಸೈರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ರಕ್ಷಣೆಯಲ್ಲಿ ಐದು ನಕ್ಷತ್ರ ಕೊಟ್ಟಿದೆ, ಆರು ಏರ್‌ಬ್ಯಾಗ್ ಎಲ್ಲ ಮಾದರಿಯಲ್ಲೂ ಇವೆ. ಸಿಯಾಜ್‌ಗೆ ಕೊನೆಯವರೆಗೂ ಎರಡೇ ಏರ್‌ಬ್ಯಾಗ್. ಇದನ್ನು ಮುಚ್ಚಿಟ್ಟು ಸಿಯಾಜ್ ಹೊಗಳುವುದು ಅಪ್ರಾಮಾಣಿಕ. ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ 2023ರ ಫೆಬ್ರವರಿಯಿಂದ ಸಿಯಾಜ್‌ನ ಎಲ್ಲ ಮಾದರಿಗೂ ಬಂತು. ಆದ್ದರಿಂದ ನನ್ನ ಶಿಫಾರಸು ಎಲ್ಲ ಸಿಯಾಜ್‌ಗೂ ಅನ್ವಯಿಸುವುದಿಲ್ಲ, ಅದರ ನಂತರ ತಯಾರಾದವಕ್ಕೆ ಮಾತ್ರ. ಇನ್ನೊಂದು ಕಾರಣವೂ ಇದೆ: 2023ರ ಏಪ್ರಿಲ್‌ನಿಂದ ಈಚೆಗಿನ ಗಾಡಿಗಳು ಇ20 ಪೆಟ್ರೋಲಿಗೆ ಒಗ್ಗುವಂತೆ ತಯಾರಾದವು. ನಮ್ಮ ಕಬ್ಬಿನ ಎಥೆನಾಲ್ ನಮ್ಮದೇ ಟ್ಯಾಂಕಿಗೆ ಮರಳಿ ಬರುತ್ತಿರುವಾಗ ಇದು ಸಣ್ಣ ವಿಷಯವಲ್ಲ. ವಾರದಲ್ಲಿ ನಾಲ್ಕು ದಿನ ಕಿತ್ತೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಧಾರವಾಡಕ್ಕೋ ಬೆಳಗಾವಿಗೋ ರಾತ್ರಿ ಓಡಾಡುವವರು ಸಿಯಾಜ್ ಬಿಟ್ಟು, ಇದೇ ವರ್ಗದಲ್ಲಿ ಐದು ನಕ್ಷತ್ರ ಪಡೆದ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ 2023ರ ವರ್ನಾವನ್ನು ಬಳಸಿದ್ದರಲ್ಲಿ ಹುಡುಕಲಿ. ಮೊದಲೆರಡರ ಕ್ಲಿಯರೆನ್ಸ್ 179 ಮಿ.ಮೀ., ನನ್ನ ಲೆಕ್ಕದಲ್ಲಿ ಹಂಪ್ ದಾಟಲು ಈ ಗುಂಪಿನಲ್ಲೇ ಉತ್ತಮ. ದೊಡ್ಡ ರಿಪೇರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗೆ ಹೋಗಲು ಸಿದ್ಧರಿರಬೇಕು ಅಷ್ಟೇ. ವರ್ನಾ ತಗ್ಗು, ಹಿರಿಯರಿರುವ ಮನೆಗೆ ಬೇಡ. ಹೋಂಡಾ ಸಿಟಿಯ ಹೆಸರು 1998ರಿಂದ ಗಟ್ಟಿಯಾಗಿದೆ, ಅದರ ಬಗ್ಗೆ ನಾನು ಸೇರಿಸುವಂಥದ್ದೇನಿಲ್ಲ.

ಹೊಸದಾಗಿಯೇ ಮಧ್ಯಮ ಸೆಡಾನ್ ಯಾಕೆ ಕೊಳ್ಳಬಾರದು? ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇ. 18, ನಾಲ್ಕು ಮೀಟರ್ ದಾಟಿದ್ದಕ್ಕೆ ಶೇ. 40. ಅದರ ಮೇಲೆ ರಾಜ್ಯದ ಆಜೀವ ತೆರಿಗೆ ಐದರಿಂದ ಹತ್ತು ಲಕ್ಷದೊಳಗೆ ಶೇ. 14, ಹತ್ತು ದಾಟಿದರೆ ಇಪ್ಪತ್ತು ಲಕ್ಷದವರೆಗೆ 17. ಬಳಸಿದ ಗಾಡಿಯಲ್ಲಿ ಈ ಹೊರೆಯನ್ನು ಮೊದಲ ಮಾಲೀಕರು ಹೊತ್ತು ಮುಗಿಸಿರುತ್ತಾರೆ. ‘ಸೆಕೆಂಡ್ ಹ್ಯಾಂಡ್ ಬ್ಯಾಡ್ರಿ’ ಎನ್ನುವ ಹಿರಿಯರ ಅಂಜಿಕೆಗೆ ಕಾರಣಗಳಿವೆ, ಅವುಗಳಿಗೆ ಪರೀಕ್ಷೆಗಳೂ ಇವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ; ಆ ವರ್ಷವೂ 2021ರಲ್ಲೂ ಕೊಲ್ಹಾಪುರ-ಸಾಂಗ್ಲಿ ಕಡೆ ನೀರು ನಿಂತಿತ್ತು. ಯಾವ ವರ್ಷದ ಗಾಡಿಯಾದರೂ ಹಿಂದಿನ ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಮಹಾರಾಷ್ಟ್ರ, ಗೋವಾ ನಂಬರಿನ ಗಾಡಿ ಅಗ್ಗವೆಂದು ಏಜೆಂಟರು ತೋರಿಸುತ್ತಾರೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಉಳಿಯುವುದಿಲ್ಲ. ಕೆಎ 24, ಕೆಎ 22, ಕೆಎ 25ರ ಗಾಡಿಯನ್ನೇ ಹುಡುಕಿ. ಸಾಲವಿದ್ದರೆ ತೀರಿಸಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೆ ಮುಂಗಡ ಕೊಡಬೇಡಿ. ಸಿಯಾಜ್ ನಿಂತುಹೋದ ಗಾಡಿಯಾದ್ದರಿಂದ ಎಂಜಿನ್ ಭಾಗಗಳಿಗೆ ಚಿಂತೆಯಿಲ್ಲದಿದ್ದರೂ ಹೆಡ್‌ಲೈಟ್, ಬಂಪರ್, ಬಾಗಿಲುಗಳು ಅದಕ್ಕಷ್ಟೇ ಸೇರಿದವು. ಅವು ಒಡೆದಿರುವ ಗಾಡಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ.

ನೋಡಲು ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಮೊದಲು ಡಿಸೈರ್‌ನ ಹಿಂದಿನ ಸೀಟಿಗೆ ಹತ್ತಿಸಿ, ಆಮೇಲೆ ಸಿಯಾಜ್‌ಗೆ. ಎರಡರಲ್ಲೂ ಮುಂದೆ ಮನೆಯ ಎತ್ತರದ ಆಳನ್ನೇ ಕೂರಿಸಿ. ಯಾವುದನ್ನು ಕೊಳ್ಳಬೇಕೆಂದು ಅವರೇ ಹೇಳಲಿ.