ಬಂದರು ನಗರದ ಕಪ್ಪೆ ಮತ್ತು ಹೆಸರಿಲ್ಲದ ಜೀವರಾಶಿ

ಭೂಮಿಯ ಜೀವಪ್ರಭೇದಗಳಲ್ಲಿ ಬಹುಪಾಲು ಇನ್ನೂ ಅಜ್ಞಾತವಾಗಿ ಉಳಿದಿರುವುದಕ್ಕೆ ದಟ್ಟ ಕಾಡು, ಆಳಗಡಲುಗಳ ದುರ್ಗಮತೆಯನ್ನೇ ಕಾರಣವಾಗಿ ಹೇಳುವುದು ರೂಢಿ. ಕೋಶಕೇಂದ್ರವುಳ್ಳ ಜೀವಿಗಳ ಪ್ರಭೇದಗಳು ಸುಮಾರು 87 ಲಕ್ಷ ಇರಬಹುದೆಂದೂ, ಅವುಗಳಲ್ಲಿ ನೆಲದ ಮೇಲಿನ ಶೇ. 86ರಷ್ಟು ಹಾಗೂ ಕಡಲಿನ ಶೇ. 91ರಷ್ಟು ಇನ್ನೂ ದಾಖಲಾಗಿಲ್ಲವೆಂದೂ ಕಮಿಲೋ ಮೋರಾ ಮತ್ತು ಸಂಗಡಿಗರು 2011ರಲ್ಲಿ ಅಂದಾಜಿಸಿದಾಗಲೂ ಓದುಗರ ಕಲ್ಪನೆ ಹರಿದದ್ದು ಅಂಥ ದೂರದ ತಾಣಗಳತ್ತಲೇ. ಮಂಗಳೂರು ನಗರದ ಕೈಗಾರಿಕಾ ಪ್ರದೇಶದಲ್ಲಿ, ಆಮದು ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಜಾಗದಲ್ಲಿ ದೊರೆತ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಕಿರುಬಾಯಿ ಕಪ್ಪೆಯೊಂದನ್ನು ಕೆ. ವಿನೀತ್ ಕುಮಾರ್ ಮತ್ತು ಸಹಲೇಖಕರು 2018ರಲ್ಲಿ ‘ಝೂಟ್ಯಾಕ್ಸಾ’ ಪತ್ರಿಕೆಯಲ್ಲಿ ‘ಮೈಕ್ರೋಹೈಲಾ ಕೊಡಿಯಾಲ್’ ಎಂಬ ಹೊಸ ಪ್ರಭೇದವಾಗಿ ವರ್ಣಿಸಿದ ಮೇಲೆ ದುರ್ಗಮತೆಯ ಈ ವಿವರಣೆ ಸಾಲದೆಂಬುದು ಸ್ಪಷ್ಟವಾಗಿದೆ. ಕೊಡಿಯಾಲ ಎಂಬುದು ಕೊಂಕಣಿಗರಲ್ಲಿ ಮಂಗಳೂರಿಗಿರುವ ಹೆಸರು.

ಕಪ್ಪೆಯನ್ನು ವರ್ಣಿಸಿದ ಈ ಲೇಖನದ ದೊಡ್ಡ ಗುಣ ಅದರ ವಿಧಾನದಲ್ಲಿದೆ. ಪ್ರಭೇದವೊಂದರ ಹೆಸರಿಗೆ ಶಾಶ್ವತ ಆಧಾರವಾಗಿ ಸಂಗ್ರಹಾಲಯದಲ್ಲಿ ಕಾದಿರಿಸುವ ಜೀವಿಯ ಒಡಲನ್ನು ‘ಮೂಲ ಮಾದರಿ’ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಅಂಥ ಮಾದರಿಯ ಅಳತೆ, ಆಕಾರ, ಚರ್ಮದ ಗುರುತುಗಳೇ ಬಹುಮಟ್ಟಿಗೆ ನಿರ್ಣಾಯಕವಾಗಿದ್ದವು. ಮೈಕ್ರೋಹೈಲಾ ಕುಲದ ಕಪ್ಪೆಗಳಾದರೋ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಅನುಭವಿಯ ಕಣ್ಣಿಗೂ ಹೊಸದು ಹಳೆಯದರಂತೆಯೇ ಕಂಡು, ಈಗಾಗಲೇ ಇರುವ ಹೆಸರಿನಡಿ ಸೇರಿಹೋಗುತ್ತದೆ. ಆದ್ದರಿಂದ ದೇಹರಚನೆಯ ಜೊತೆಗೆ ಗಂಡು ಕಪ್ಪೆಯ ಕೂಗಿನ ಧ್ವನಿಮುದ್ರಣವನ್ನೂ ಡಿಎನ್‌ಎ ಹೋಲಿಕೆಯನ್ನೂ ಒಟ್ಟಿಗೆ ತೂಗಿನೋಡುವ ಸಮಗ್ರ ವರ್ಗೀಕರಣವನ್ನು ಲೇಖಕರು ಅನುಸರಿಸಿದ್ದು ಈ ಕಪ್ಪೆಯ ಮಟ್ಟಿಗೆ ಅನಿವಾರ್ಯವೇ ಆಗಿತ್ತು. ಜೀವಿ ಕಣ್ಣೆದುರೇ ಇದ್ದೂ ಅಜ್ಞಾತವಾಗಿ ಉಳಿಯುವುದು ಹೇಗೆಂಬುದನ್ನು ಈ ಬರಹ ಯಾವ ಸಿದ್ಧಾಂತಗ್ರಂಥಕ್ಕಿಂತಲೂ ಹೆಚ್ಚು ಮನದಟ್ಟಾಗುವಂತೆ ತೋರಿಸುತ್ತದೆ.

ಆದರೆ ಕಪ್ಪೆಯ ಮೂಲ ಎಲ್ಲಿಯದೆಂಬ ಪ್ರಶ್ನೆಯನ್ನು ಅದು ತೆರೆದೇ ಬಿಡುತ್ತದೆ. ಡಿಎನ್‌ಎ ಹೋಲಿಕೆಯಲ್ಲಿ ಈ ಕಪ್ಪೆ ಆಗ್ನೇಯ ಏಷ್ಯಾದ ಬಂಧುಗಳಿಗೆ ಹತ್ತಿರವಾಗಿದ್ದು, ದಿಮ್ಮಿಗಳ ಜೊತೆ ಹಡಗೇರಿ ಬಂದಿರಬಹುದೆಂಬ ಊಹೆಗೆ ಎಡೆಮಾಡಿದೆ. ಊಹೆ ನಿಜವಾದಲ್ಲಿ, ಹುಟ್ಟಿದ ನೆಲದಲ್ಲಿ ಯಾರೂ ಗುರುತಿಸದ ಜೀವಿಯೊಂದು ಪರದೇಶದ ಬಂದರಿನಲ್ಲಿ ಮೊದಲು ಹೆಸರು ಪಡೆದಂತಾಗುತ್ತದೆ. ಸುಳ್ಳಾದಲ್ಲಿ, ಕರಾವಳಿಯದೇ ಆದ ಪ್ರಾಚೀನ ಸಂತತಿಯೊಂದು ಕಾರ್ಖಾನೆಗಳ ನಡುವೆ ಉಳಿದುಕೊಂಡಂತಾಗುತ್ತದೆ. ಸಂರಕ್ಷಣೆಯ ದೃಷ್ಟಿಯಿಂದ ಇವೆರಡೂ ತೀರ ಬೇರೆಬೇರೆ ಸಂಗತಿಗಳು: ವಲಸೆ ಬಂದದ್ದಾದರೆ ಸ್ಥಳೀಯ ಕಪ್ಪೆಗಳ ಮೇಲೆ ಅದರ ಪರಿಣಾಮವನ್ನು ಅಳೆಯಬೇಕು, ಇಲ್ಲಿಯದೇ ಆದರೆ ಆ ಸಣ್ಣ ತಾಣವನ್ನು ಕೂಡಲೇ ಕಾಯಬೇಕು. ಮ್ಯಾನ್ಮಾರ್, ಮಲೇಷ್ಯಾಗಳ ಕಾಡುಗಳ ಕಪ್ಪೆಗಳೊಂದಿಗೆ ವಿಸ್ತಾರವಾಗಿ ಹೋಲಿಸದೆ ಇದನ್ನು ಇತ್ಯರ್ಥಪಡಿಸಲಾಗದು. ಒಂದು ಊರಿನ ಸಂಶೋಧಕರು ಒಂಟಿಯಾಗಿ ಮುಗಿಸಬಹುದಾದ ಕೆಲಸವೂ ಇದಲ್ಲ.

ಕೊರತೆ ಈ ಲೇಖನದ್ದಷ್ಟೇ ಅಲ್ಲ, ವರ್ಗೀಕರಣದ ಇಡೀ ವ್ಯವಸ್ಥೆಯದು. ಮಾದರಿ ಸಂಗ್ರಹವಾದ ಮೇಲೆ ಅದು ಹೊಸ ಪ್ರಭೇದವೆಂದು ವರ್ಣಿತವಾಗಲು ಸರಾಸರಿ 21 ವರ್ಷ ಹಿಡಿಯುತ್ತದೆಂದು ಫ್ರಾನ್ಸಿನ ಬೆನ್ವಾ ಫೊಂಟೇನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದಾರೆ. ಎಂದರೆ ಅಜ್ಞಾತ ಪ್ರಭೇದಗಳಲ್ಲಿ ಎಷ್ಟೋ ಈಗಾಗಲೇ ಸಂಗ್ರಹಾಲಯಗಳ ಕಪಾಟುಗಳಲ್ಲಿ ತಜ್ಞರಿಗಾಗಿ ಕಾಯುತ್ತಿವೆ. ಕಪ್ಪೆಗಾದರೂ ಕೂಗುವ ಗಂಟಲಿದೆ, ಕುಮಟಾದ ಬಳಿಯ ‘ಯೂಫ್ಲಿಕ್ಟಿಸ್ ಕರಾವಳಿ’ ಎಂಬ ಕಪ್ಪೆ 2016ರಲ್ಲಿ ಬೆಳಕಿಗೆ ಬಂದದ್ದೇ ಮಿಂಚುಳ್ಳಿಯ ದನಿಯನ್ನು ಹೋಲುವ ಅದರ ಕೂಗಿನಿಂದ. ಮಣ್ಣಿನ ನುಸಿ, ಜಂತುಹುಳು, ಶಿಲೀಂಧ್ರಗಳಿಗೆ ಆ ಅನುಕೂಲವಿಲ್ಲ. ಜೀವಿಗಳಂತೆ ಕಣ್ಣೆದುರೇ ಇದ್ದೂ ಗಮನಕ್ಕೆ ಬಾರದ ನೆಲೆಗಳೂ ಇವೆ: ಮಂಗಳೂರಿನ ಸುತ್ತಲಿನ ಮುರಕಲ್ಲಿನ ಪದವುಗಳು, ಅಂದರೆ ಎತ್ತರದ ಬಯಲುಗಳು, ಮಳೆಗಾಲದ ಕೆಲವೇ ತಿಂಗಳು ನೀರು ನಿಂತು, ಆ ಅವಧಿಯಲ್ಲೇ ಜೀವನಚಕ್ರ ಮುಗಿಸುವ ಸಸ್ಯಗಳಿಗೂ ಕೀಟಗಳಿಗೂ ನೆಲೆಯಾಗುತ್ತವೆ. ಬೇಸಿಗೆಯಲ್ಲಿ ನೋಡಿದವರು ಅವನ್ನು ಬರಡೆಂದು ತಿಳಿದು ಸಮತಟ್ಟು ಮಾಡುತ್ತಾರೆ. ಇಂಥ ನೆಲದ ಸಮೀಕ್ಷೆ ನಡೆಯಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಕಟ್ಟಡದ ಪರವಾನಗಿಗೂ ಮುಂಚೆ.