ಅಗಸ್ಟೀನನ ಕೃಪಾಸಿದ್ಧಾಂತ ಮತ್ತು ಕರುಣೆಯ ಬಾಕಿ

ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಕರುಣೆಯೆಂದರೆ ಪಾಪಿಗೆ ಸಲ್ಲಬೇಕಾದ ಶಿಕ್ಷೆಯನ್ನು ದೇವರು ತಡೆಹಿಡಿಯುವುದು. ಕೃಪೆಯೆಂದರೆ ಅವನು ಗಳಿಸದೇ ಇದ್ದುದನ್ನು ಕೊಡುವುದು. ಪಾಠ ಹೇಳುವವರು ಹೀಗೆ ಗೆರೆ ಎಳೆಯುತ್ತಾರೆ. ಸುವಾರ್ತೆಯ ಸಾಮ್ಯಗಳಲ್ಲಿ ಮಾತ್ರ ಈ ಗೆರೆ ಕಾಣುವುದಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಆಸ್ತಿ ಕಳೆದು ಬಂದ ಮಗನನ್ನು ತಂದೆ ಕ್ಷಮಿಸುವುದೂ ಅವನಿಗಾಗಿ ಔತಣ ಮಾಡಿಸುವುದೂ ಒಂದೇ ಉಸಿರಿನಲ್ಲಿ ನಡೆದುಹೋಗುತ್ತವೆ. ಪಶ್ಚಿಮದ ಚರ್ಚು ಇವೆರಡರಲ್ಲಿ ಕೃಪೆಯನ್ನೇ ಹಿಡಿದುಕೊಂಡು ಸಾವಿರದಾರುನೂರು ವರ್ಷ ವಾದಿಸಿದೆ. ಆ ವಾದಕ್ಕೆ ಅಡಿಪಾಯ ಹಾಕಿದವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ (354–430).

ಅಗಸ್ಟೀನನ ಚಿಂತನೆ ಹುಟ್ಟಿದ್ದು ಸೋಲಿನಿಂದ. ಒಳ್ಳೆಯದು ಯಾವುದೆಂದು ತಿಳಿದಿದ್ದರೂ ಅದರತ್ತ ಮನಸ್ಸನ್ನು ತಿರುಗಿಸಲಾಗದ ಸ್ಥಿತಿಯಲ್ಲಿ ಅವನು ವರ್ಷಗಟ್ಟಲೆ ಒದ್ದಾಡಿದ. 387ರಲ್ಲಿ ಮಿಲಾನಿನಲ್ಲಿ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದ ಮೇಲೆ ಆ ಒದ್ದಾಟವನ್ನು ಆತ್ಮನಿವೇದನೆಯ ಗ್ರಂಥವಾಗಿ ಬರೆದ. ದೇವರು ಏನನ್ನು ಆಜ್ಞಾಪಿಸುತ್ತಾನೋ ಅದನ್ನು ಪಾಲಿಸುವ ಶಕ್ತಿಯನ್ನೂ ಅವನೇ ಕೊಡಬೇಕು ಎಂಬ ಪ್ರಾರ್ಥನೆ ಅಲ್ಲಿದೆ. ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ವಿರಕ್ತ ಪೆಲಾಗಿಯಸನನ್ನು ಕೆರಳಿಸಿದ್ದು ಇದೇ ಮಾತು. ಮನುಷ್ಯನಿಂದ ಆಗದ್ದನ್ನು ದೇವರು ಆಜ್ಞಾಪಿಸುವುದಿಲ್ಲ, ಆಗುವುದಿಲ್ಲವೆನ್ನುವುದು ಸೋಮಾರಿಯ ನೆಪ ಎಂಬುದು ಅವನ ನಿಲುವು. 418ರ ಕಾರ್ಥೇಜ್ ಸಭೆ ಪೆಲಾಗಿಯಸನ ಬೋಧನೆಯನ್ನು ಖಂಡಿಸಿತು. ಅಲ್ಲಿಂದ ಮುಂದೆ ಅವನ ಹೆಸರೇ ಬೈಗುಳವಾಯಿತು. ಇದು ನ್ಯಾಯವಲ್ಲ. ನಾಮಮಾತ್ರದ ಕ್ರೈಸ್ತರು ತುಂಬಿಕೊಂಡಿದ್ದ ರೋಮಿನಲ್ಲಿ ಬಾಳಿನ ಶಿಸ್ತನ್ನು ಕೇಳಿದವನು ಅವನು. ಆದರೆ ಬಲವಿದ್ದವರಿಗೆ ಹುರುಪು ಕೊಡುವ ಅವನ ಉಪದೇಶದಲ್ಲಿ ಬಿದ್ದವರಿಗೆ ಹೇಳುವಂಥದು ಹೆಚ್ಚೇನೂ ಇರಲಿಲ್ಲ. ಅಗಸ್ಟೀನನಲ್ಲಿ ಇತ್ತು, ಅವನು ಗೆದ್ದದ್ದೂ ಅದರಿಂದಲೇ.

ಗೆದ್ದ ಮೇಲೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಕೃಪೆ ಪೂರ್ತಿ ದೇವರದೇ ಆದರೆ ಅದು ಕೆಲವರಿಗೆ ಸಿಕ್ಕಿ ಉಳಿದವರಿಗೆ ಸಿಗದಿರುವುದಕ್ಕೂ ದೇವರ ಆಯ್ಕೆಯೇ ಕಾರಣವಾಗಬೇಕು. ಆದಾಮನ ಪಾಪದಲ್ಲಿ ಮನುಕುಲವೆಲ್ಲ ದಂಡನೆಗೆ ಪಾತ್ರವಾಗಿದೆ, ಅದರಿಂದ ಕೆಲವರನ್ನು ಎತ್ತಿಕೊಳ್ಳುವುದು ಕರುಣೆ, ಉಳಿದವರನ್ನು ಬಿಟ್ಟುಬಿಡುವುದು ನ್ಯಾಯ ಎಂದು ಅವನು ಉತ್ತರಿಸಿದ. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸುಗಳಿಗೂ, ಅತಿ ಸೌಮ್ಯವಾದದ್ದೇ ಆದರೂ, ದಂಡನೆ ಇದೆಯೆಂದ. ತನ್ನ ಬಾಳಿನಲ್ಲಿ ಕಂಡ ಉಪಕಾರವನ್ನು ನೆನೆಯುವ ಭಾಷೆ ಇಲ್ಲಿ ಬೇರೆಯವರ ಗತಿಯನ್ನು ನಿರ್ಣಯಿಸುವ ಭಾಷೆಯಾಯಿತು. ಈ ಪರಂಪರೆಯ ದೊಡ್ಡ ದೋಷ ಇದೇ. ಚರ್ಚು ಕೂಡ ಅವನ ಹಿಂದೆ ಕೊನೆಯವರೆಗೆ ಹೋಗಲಿಲ್ಲ. ನಂಬಿಕೆಯ ಮೊದಲ ಹೆಜ್ಜೆಗೂ ಕೃಪೆಯೇ ಕಾರಣವೆಂದು ಒಪ್ಪಿದ 529ರ ಆರೆಂಜ್ ಸಭೆ, ದೇವರು ಯಾರನ್ನಾದರೂ ಕೇಡಿಗೆಂದು ಗೊತ್ತುಮಾಡಿರುತ್ತಾನೆ ಎಂಬುದನ್ನು ತಳ್ಳಿಹಾಕಿತು. ಹಸುಗೂಸುಗಳ ರಕ್ಷಣೆಗೆ ಭರವಸೆ ಇಡಲು ಆಧಾರವಿದೆಯೆಂದು ಕ್ಯಾಥೊಲಿಕ್ ಚರ್ಚಿನ ಅಂತರರಾಷ್ಟ್ರೀಯ ಧರ್ಮಶಾಸ್ತ್ರ ಆಯೋಗ ವಿವರವಾಗಿ ಬರೆದದ್ದು 2007ರಲ್ಲಿ.

ಮಧ್ಯಯುಗದಲ್ಲಿ ಕೃಪೆ ಸಂಸ್ಕಾರಗಳ ಮೂಲಕ ಹಂಚಿಕೆಯಾಗುವ ವಸ್ತುವಿನಂತೆ ಆಗಿ, ಕಡೆಗೆ ಪಾಪಕ್ಷಮಾಪತ್ರಗಳ ಹಣದ ವ್ಯವಹಾರದವರೆಗೆ ಇಳಿಯಿತು. 1517ರಲ್ಲಿ ಅದನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರ್ ಅಗಸ್ಟೀನನ ಹೆಸರಿನ ಸಂನ್ಯಾಸಿಸಂಘದವನೇ. ಎಷ್ಟು ಉಪವಾಸ, ಎಷ್ಟು ಪಾಪನಿವೇದನೆ ಮಾಡಿದರೂ ನೆಮ್ಮದಿ ಕಾಣದ ಅವನಿಗೆ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ದಾರಿ ಸಿಕ್ಕಿತು: ದೇವರ ನೀತಿ ಮನುಷ್ಯನನ್ನು ಅಳೆಯುವ ಕೋಲಲ್ಲ, ನಂಬಿದವನಿಗೆ ದೇವರು ಕೊಡುವ ದಾನ. ನಂಬಿದವನು ಪಾಪಿಯಾಗಿ ಉಳಿದಿರುವಾಗಲೇ ನೀತಿವಂತನೆಂಬ ನಿರ್ಣಯ ಅವನಿಗೆ ಸಿಗುತ್ತದೆ ಎಂದು ಲೂಥರ್ ಸಾರಿದ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1547ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕೃಪೆಯೇ ಮೊದಲು ಎಂಬುದನ್ನು ಆ ಸಭೆಯೂ ಒಪ್ಪಿದೆ. ಆದರೆ ಕೃಪೆ ಪಾಪವನ್ನು ಮನ್ನಿಸಿ ಸುಮ್ಮನಾಗುವುದಿಲ್ಲ, ಮನುಷ್ಯನನ್ನು ಒಳಗಿನಿಂದ ಹೊಸಬನನ್ನಾಗಿ ಮಾಡುತ್ತದೆ, ಅವನೂ ಅದಕ್ಕೆ ಒಪ್ಪಿ ಸಹಕರಿಸಬೇಕು ಎಂದಿತು. ಎರಡು ಪಕ್ಷಗಳ ಬರಹವನ್ನೂ ಇಂದು ಓದಿದರೆ, ಯುರೋಪು ಇಬ್ಭಾಗವಾಗುವಷ್ಟು ದೂರ ಅವುಗಳ ನಡುವೆ ಇತ್ತೇ ಎಂಬ ಸಂದೇಹ ಬರುತ್ತದೆ.

ದೂರ ಹೆಚ್ಚಾಗಿದ್ದದ್ದು ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನನ ಅನುಯಾಯಿಗಳಲ್ಲಿ. 1618–19ರ ಡಾರ್ಟ್ ಸಭೆ ದೇವರ ಆಯ್ಕೆಯನ್ನು ಕಟ್ಟುನಿಟ್ಟಿನ ಕಟ್ಟಳೆಯಾಗಿ ಮಾಡಿತು. ಪರಿಣಾಮ ವಿಚಿತ್ರ: ಗಳಿಕೆಯ ಭಾರವನ್ನು ಇಳಿಸಬೇಕಾಗಿದ್ದ ಸಿದ್ಧಾಂತವೇ, ತಾನು ಆಯ್ಕೆಯಾದವನೋ ಅಲ್ಲವೋ ಎಂದು ತನ್ನ ನಡತೆಯಲ್ಲಿ ಗುರುತು ಹುಡುಕುವ ಹೊಸ ಆತಂಕಕ್ಕೆ ದಾರಿಮಾಡಿತು. 18ನೇ ಶತಮಾನದಲ್ಲಿ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇದನ್ನು ನೇರವಾಗಿ ಎದುರಿಸಿ, ಕೃಪೆ ಎಲ್ಲರನ್ನೂ ಮುಂಚಿತವಾಗಿಯೇ ತಲುಪಿರುತ್ತದೆ ಎಂದು ಬೋಧಿಸಿದ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಿಗೆ ಈ ಜಗಳದ ಹೆಚ್ಚಿನ ಪಾಲು ಅನ್ಯವೇ. ಅಲ್ಲಿ ಕರುಣೆ ತರ್ಕದ ವಿಷಯವಾಗುವುದಕ್ಕಿಂತ ಹೆಚ್ಚಾಗಿ ಆರಾಧನೆಯಲ್ಲಿ ಮತ್ತೆ ಮತ್ತೆ ಮೊರೆಯಿಡುವ ಮಾತಾಗಿ ಉಳಿಯಿತು.

ಅಗಸ್ಟೀನನ ಪರಂಪರೆ ಪೌಲನ ಪತ್ರಿಕೆಗಳಿಗೆ ಕೊಟ್ಟಷ್ಟು ಕಿವಿಯನ್ನು ಮತ್ತಾಯನ 18ನೇ ಅಧ್ಯಾಯಕ್ಕೆ ಕೊಡಲಿಲ್ಲ. ಅಲ್ಲಿಯ ಸಾಮ್ಯದಲ್ಲಿ ಒಡೆಯನು ಸೇವಕನ ಹತ್ತು ಸಾವಿರ ತಲಾಂತಿನ ಸಾಲ ಬಿಟ್ಟುಬಿಡುತ್ತಾನೆ. ದಿನಗೂಲಿ ಒಂದು ದೀನಾರಿಯಾಗಿದ್ದ ಕಾಲದಲ್ಲಿ ಒಂದು ತಲಾಂತು ಸುಮಾರು 6,000 ದೀನಾರಿಗೆ ಸಮ. ಆ ಸೇವಕ ಹೊರಗೆ ಬಂದವನೇ ತನಗೆ 100 ದೀನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ, ಒಡೆಯ ಮನ್ನಾ ಮಾಡಿದ್ದನ್ನು ರದ್ದುಮಾಡುತ್ತಾನೆ. ಮುಂದಕ್ಕೆ ದಾಟದ ಕರುಣೆ ಪಡೆದವನಲ್ಲೂ ಉಳಿಯುವುದಿಲ್ಲ ಎನ್ನುವ ಈ ಕಥೆಯನ್ನು, ಸಲ್ಲದವನಿಗೆ ಸಿಕ್ಕ ದಾನ ಎಂಬ ಸೂತ್ರದೊಳಗೆ ಕೂರಿಸುವುದು ಕಷ್ಟ.

ಕಷ್ಟವೆಷ್ಟೆಂಬುದಕ್ಕೆ ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ನನ ಬದುಕೇ ಸಾಕ್ಷಿ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ಸಾವಿನಿಂದ ಪಾರಾದದ್ದನ್ನು ಅವನು ದೇವರ ಕೃಪೆಯೆಂದು ನಂಬಿದ. ಆದರೂ 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದ. ಆ ವೃತ್ತಿ ಬಿಟ್ಟದ್ದೂ ಅನಾರೋಗ್ಯದ ಕಾರಣಕ್ಕೆ. ಪಾದ್ರಿಯಾದ ಮೇಲೆ 1773ರ ಹೊಸವರ್ಷದ ಆರಾಧನೆಗೆಂದು ಅವನು ಬರೆದ ಕೃಪೆಯ ಹಾಡು ‘ಅಮೇಜಿಂಗ್ ಗ್ರೇಸ್’ ಜಗತ್ತನ್ನೇ ಸುತ್ತಿತು. ಗುಲಾಮರ ವ್ಯಾಪಾರದ ವಿರುದ್ಧ ಅವನ ಕಿರುಪುಸ್ತಕ ಬಂದದ್ದು 1788ರಲ್ಲಿ, ಬಿರುಗಾಳಿಯಾಗಿ 40 ವರ್ಷಗಳ ಮೇಲೆ. ಕೃಪೆ ಸಿಕ್ಕಿತೆಂಬ ಅನುಭವ ಪ್ರಾಮಾಣಿಕವಾಗಿದ್ದೂ ಹಡಗಿನ ತಳದಲ್ಲಿ ಸರಪಳಿಗೆ ಬಿದ್ದವರ ಮೇಲೆ ಕರುಣೆ ಹುಟ್ಟದೇ ಇರಬಹುದು. ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬೋನ್‌ಹಾಫರ್ 1937ರಲ್ಲಿ ಅಗ್ಗದ ಕೃಪೆಯೆಂದು ಜರೆದದ್ದು ಇಂಥದನ್ನೇ: ಪಶ್ಚಾತ್ತಾಪವಿಲ್ಲದ ಕ್ಷಮೆ, ಯೇಸುವನ್ನು ಹಿಂಬಾಲಿಸದ ನಂಬಿಕೆ. ಈ ಪರಂಪರೆಯ ಒಳಗಿನಿಂದ ಬಂದ ಟೀಕೆಗಳಲ್ಲಿ ಇಷ್ಟು ತೂಕದ್ದು ಇನ್ನೊಂದಿಲ್ಲ. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ್ದಕ್ಕೆ ಬೋನ್‌ಹಾಫರನನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು.

ಕ್ಯಾಥೊಲಿಕ್ ಚರ್ಚು ಮತ್ತು ಲೂಥರನ್ ವಿಶ್ವ ಒಕ್ಕೂಟ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನನ್ನು ದೇವರು ಅಂಗೀಕರಿಸುವುದು ಅವನ ಪುಣ್ಯದಿಂದಲ್ಲ, ಕೃಪೆಯಿಂದ; ಆ ಕೃಪೆಯೇ ಅವನನ್ನು ಒಳ್ಳೆಯ ಕೆಲಸಕ್ಕೆ ಹಚ್ಚುತ್ತದೆ ಎಂಬುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನನ ಪರಂಪರೆಯ ರಿಫಾರ್ಮ್ಡ್ ಚರ್ಚುಗಳ ಒಕ್ಕೂಟ ಇದನ್ನು ಸೇರಿಕೊಂಡವು. ಎಲ್ಲವೂ ಇತ್ಯರ್ಥವಾಗಿದೆ ಎಂದಲ್ಲ. ಸಹಿಯಾಗಿ ಎರಡು ತಿಂಗಳೊಳಗೆ, 1999ರ ಡಿಸೆಂಬರ್ 24ರಂದು, 2000ದ ಜೂಬಿಲಿ ವರ್ಷಕ್ಕಾಗಿ ರೋಮಿನಲ್ಲಿ ಪವಿತ್ರ ದ್ವಾರ ತೆರೆದಾಗ ಯಾತ್ರಿಕರಿಗೆ ದೊರೆತ ಸೌಲಭ್ಯಗಳಲ್ಲಿ, 1517ರ ಜಗಳಕ್ಕೆ ಮೂಲವಾಗಿದ್ದ, ಪಾಪಕ್ಷಮಾಪತ್ರಗಳು ಕೊಡುತ್ತಿದ್ದ ಆ ದಂಡವಿಮೋಚನೆಯೂ, ಹಣದ ಮಾತಿಲ್ಲದೆ, ಇತ್ತು.