ಸಖಿಗೆ ಹೇಳಿದ ಮಾತು

ಕನ್ನಡ ನವೋದಯದ ಪ್ರೇಮಕಾವ್ಯದ ಮೇಲೆ ಹಳೆಯದೊಂದು ಆರೋಪವಿದೆ. ಅದು ಬೇಗ ಸಮಾಧಾನಗೊಳ್ಳುತ್ತದೆ, ಹೂವು, ಬೆಳದಿಂಗಳು, ಹೆಂಡತಿಯ ನಗು ಇಷ್ಟರಲ್ಲೇ ಬದುಕಿನ ಕಷ್ಟವನ್ನು ಮರೆಸಿಬಿಡುತ್ತದೆ, ಅದರ ಭರವಸೆ ಬೆಲೆ ತೆತ್ತು ಪಡೆದದ್ದಲ್ಲ ಎಂಬುದು ಆ ಆರೋಪ. ನವ್ಯರು ಇದನ್ನು ಸಿಟ್ಟಿನಿಂದ ಹೇಳಿದರು, ಆಮೇಲಿನವರು ಅಭ್ಯಾಸಬಲದಿಂದ ಹೇಳುತ್ತ ಬಂದರು. ಮದುವೆ ಮನೆಗಳ ವಿಡಿಯೊಗಳಲ್ಲಿ ಈ ಕವಿತೆಗಳು ಹಿನ್ನೆಲೆ ಸಂಗೀತವಾಗಿರುವುದನ್ನು ಕೇಳಿದವರಿಗೆ ಆರೋಪ ನಿಜವೆಂದೇ ಅನ್ನಿಸೀತು. ಆದರೆ ಪುಸ್ತಕ ತೆರೆದು ಓದಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮುಂದೆ ಎಲ್ಲ ಒಳ್ಳೆಯದಾಗುತ್ತದೆ ಎಂದು ಈ ಕಾವ್ಯದ ಉತ್ತಮ ಕವಿತೆಗಳು ಎಲ್ಲೂ ಮಾತು ಕೊಡುವುದಿಲ್ಲ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ಕರೆದು ಮಾತಾಡುತ್ತಿರುತ್ತಾರೆ, ಉತ್ತರ ಬರುತ್ತದೆಯೋ ಇಲ್ಲವೋ ತಿಳಿಯದೆ ಕಾಯುತ್ತಿರುತ್ತಾರೆ. ಭರವಸೆಯೆಂಬುದೇನಾದರೂ ಇದ್ದರೆ ಅದು ಆ ಕರೆಯಲ್ಲಿದೆ. ನವೋದಯದ ದಾಂಪತ್ಯ ಕಾವ್ಯದ ಬಲವನ್ನೂ ಸೋಲನ್ನೂ ಅಲ್ಲಿಯೇ ಹುಡುಕಬೇಕು ಎಂದು ನನ್ನ ಎಣಿಕೆ.

ಈ ಕವಿಗಳು ನೆಮ್ಮದಿಯ ಕಾಲದಲ್ಲಿ ಹುಟ್ಟಿದವರು ಎಂಬ ಭ್ರಮೆಯನ್ನು ಮೊದಲು ಬಿಡಬೇಕು. ಬೇಂದ್ರೆ ಹುಟ್ಟಿದ 1896ರಲ್ಲೇ ಮುಂಬಯಿಗೆ ಪ್ಲೇಗು ಬಂತು. ಎರಡು ವರ್ಷಕ್ಕೆ ಅದು ಹುಬ್ಬಳ್ಳಿಯ ಕಡೆಯಿಂದ ರೈಲು ಹತ್ತಿ ಬೆಂಗಳೂರನ್ನೂ ಮುಟ್ಟಿತು. ಆಮೇಲೆ 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದಿತು. ಹುಟ್ಟಿದ ಮಗು ನಡೆಯುವ ತನಕ ಉಳಿದರೆ ಪುಣ್ಯ ಎನ್ನುವ ಮನೆಗಳು ಅವು. ನವೋದಯಕ್ಕೆ ದಾರಿ ತೋರಿದ ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದಲ್ಲಿ ನೀರಿಗೆ ಬಿದ್ದು ಸತ್ತ ಅನಾಥ ಹೆಣ್ಣಿಗಾಗಿ ಮರುಗುವ ‘ದುಃಖಸೇತು’ ಇದೆ ಎಂಬುದನ್ನೂ ನಾವು ಮರೆಯುತ್ತೇವೆ. ಹೊಸಗನ್ನಡದ ಭಾವಗೀತೆ ತನ್ನ ಮೊದಲ ಪಾಠಗಳಲ್ಲೇ ಸಾವನ್ನು ಓದಿಕೊಂಡಿತ್ತು. ಬೇಂದ್ರೆಯವರ ಬದುಕಂತೂ ಗೊತ್ತೇ ಇದೆ. ‘ನರಬಲಿ’ ಕವಿತೆಗಾಗಿ ಹಿಂಡಲಗಾ ಜೈಲು, ಆಮೇಲೆ ಮುಗದದಲ್ಲಿ ನಿರ್ಬಂಧ, ಕೈತಪ್ಪಿದ ನೌಕರಿ, ವರ್ಷಗಟ್ಟಲೆ ನೆಲೆಯಿಲ್ಲದ ಸಂಸಾರ, ಒಂದಾದ ಮೇಲೊಂದು ಮಕ್ಕಳ ಸಾವು. ಈ ವಿವರಗಳಿಂದಲೇ ಕವಿತೆ ದೊಡ್ಡದಾಗುವುದಿಲ್ಲ, ನಿಜ. ಕಷ್ಟಪಟ್ಟವರೆಲ್ಲ ಬೇಂದ್ರೆಯಾಗಲಿಲ್ಲ. ಆದರೆ ಅವರ ಭರವಸೆಯನ್ನು ಅಗ್ಗದ್ದು ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಮಗುವಿನ ಸಾವಿನ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಮಾತಾಗಿ ಬೇಂದ್ರೆ ಬರೆದ ಹಾಡು ಕನ್ನಡಿಗರಿಗೆಲ್ಲ ಬಾಯಿಪಾಠ. ಬಾಯಿಪಾಠವಾದದ್ದರಿಂದಲೇ ಅದರ ವಿಚಿತ್ರವನ್ನು ಗಮನಿಸುವುದು ಬಿಟ್ಟಿದ್ದೇವೆ. ಸತ್ತ ಮಗುವಿನ ಬಗ್ಗೆ ಅದು ಹೇಳುವುದು ತೀರ ಕಡಿಮೆ. ದೇವರ ಮೇಲೆ ದೂರಿಲ್ಲ, ವಿಧಿಯ ತತ್ವವಿಲ್ಲ, ಇನ್ನೊಂದು ಮಗು ಹುಟ್ಟೀತೆಂಬ ಸಾಂತ್ವನವೂ ಇಲ್ಲ. ಹುಣ್ಣಿಮೆಯ ಚಂದ್ರನನ್ನೇ ಹೆಣವಾಗಿ ಕಾಣುವಷ್ಟು ಲೋಕ ಕೆಟ್ಟುಹೋಗಿದೆ. ಅಂಥ ಲೋಕದಲ್ಲಿ ಆ ಗಂಡ ಮಾಡುವುದು ಒಂದೇ ಕೆಲಸ: ಹೆಂಡತಿಯೊಡನೆ ಮಾತಾಡುವುದು. ಆ ಮಾತಿನ ದಾರಿಯನ್ನು ಹಿಡಿದು ಹೋದರೆ ಅದು ನೋಡಬೇಡ ಎಂಬ ಬೇಡಿಕೆಯಿಂದ ಹೊರಟು, ನಗುವ ಸೋಗು ಬೇಡ, ಬಂದ ಅಳುವನ್ನು ತುಟಿ ಕಚ್ಚಿ ತಡೆಯಬೇಡ ಎಂಬಲ್ಲಿಗೆ ಬರುತ್ತದೆ. ಎಂದರೆ, ಕಣ್ಣು ತಪ್ಪಿಸಿಕೊಳ್ಳಲು ಹೊರಟವನು ಕೊನೆಗೆ ಅವಳ ದುಃಖವನ್ನು ಎದುರು ಕೂತು ನೋಡಲು ಒಪ್ಪುತ್ತಾನೆ. ದುಃಖ ಕಡಿಮೆಯಾಗಿಲ್ಲ, ಇಬ್ಬರ ನಡುವೆ ಬಂದಿದೆ. ಇದನ್ನು ಸಮಾಧಾನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಇದರೊಳಗಿನ ನಂಬಿಕೆ ಬಹಳ ಸಣ್ಣದು: ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬಷ್ಟೇ. ಆದರೆ ಆ ಒಂದು ನಂಬಿಕೆ ಇಲ್ಲದಿದ್ದರೆ ಹಾಡಿನ ಒಂದು ಸಾಲೂ ಹುಟ್ಟುತ್ತಿರಲಿಲ್ಲ. 1937ರ ‘ಸಖೀಗೀತ’ದಲ್ಲಿ ಹೆಂಡತಿಯನ್ನು ಕರೆದು ಹೇಳುವ ಈ ರೀತಿಯೇ ದೀರ್ಘ ಕಾವ್ಯವಾಗಿ ಬೆಳೆಯಿತು. ತಮ್ಮ ಸಂಸಾರದ ಸುಖದುಃಖವನ್ನು ಅಲ್ಲಿ ಅವರು ಓದುಗರಿಗೆ ಹೇಳುತ್ತಿಲ್ಲ, ಅದನ್ನೆಲ್ಲ ಜೊತೆಗೇ ಅನುಭವಿಸಿದ ಹೆಂಡತಿಗೆ ಹೇಳುತ್ತಾರೆ. ಅವಳಿಗೆ ಗೊತ್ತಿರುವುದನ್ನೇ ಅವಳಿಗೆ ಮತ್ತೆ ಹೇಳುವುದೇಕೆ? ಸುದ್ದಿ ತಿಳಿಸುವುದಕ್ಕಂತೂ ಅಲ್ಲ. ಇಬ್ಬರೂ ಕೂಡಿ ದಾಟಿದ್ದೇವೆ ಎಂಬುದನ್ನು ಅವಳ ಬಾಯಿಂದ ಒಪ್ಪಿಸಿಕೊಳ್ಳುವ ಆಸೆ ಅದು.

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ಇಷ್ಟು ಆಳದ ದುಃಖದ ಪುಸ್ತಕವಲ್ಲ, ಹಾಗೆ ಓದುವ ಅಗತ್ಯವೂ ಇಲ್ಲ. ಅದರ ಅನಿಶ್ಚಯಗಳು ಚಿಕ್ಕವು, ದಿನಬಳಕೆಯವು. ಆಸೆಪಟ್ಟು ಮಾವನ ಮನೆಗೆ ಬಂದ ರಾಯರಿಗೆ ಆ ರಾತ್ರಿ ಹೆಂಡತಿ ಸಿಗುವುದಿಲ್ಲ. ತೌರಿಗೆ ಹೋದವಳ ಸುದ್ದಿಯನ್ನು ಬಳೆಗಾರ ಚೆನ್ನಯ್ಯ ಹೊತ್ತು ತರಬೇಕು. ಈ ಪುಸ್ತಕವನ್ನು ಮಿಲನದ ಪುಸ್ತಕ ಎನ್ನುವುದು ವಾಡಿಕೆ. ಎಣಿಸುತ್ತ ಹೋದರೆ ಇದರಲ್ಲಿ ಕಾಯುವುದು, ಹೊರಡಲಾಗದಿರುವುದು, ಮುನಿಸು, ಮಧ್ಯಸ್ಥರು, ದೂರ ಇವೇ ಹೆಚ್ಚು. ಹೆಂಡತಿಯ ಹತ್ತಿರ ಹೋಗುವ ದಾರಿಯಲ್ಲಿ ಯಾವಾಗಲೂ ಏನೋ ಒಂದು ಅಡ್ಡ ಬಂದಿರುತ್ತದೆ, ಮಾತು ಅದನ್ನು ಬಳಸಿಕೊಂಡು ಹೋಗುತ್ತದೆ. ಬಡ ಗುಮಾಸ್ತನ ಸಂಬಳದಲ್ಲಿ ಹೆಂಡತಿಗೆ ಕೊಡಬಲ್ಲದ್ದು ಇಷ್ಟೇ ಎಂದು ಗೊತ್ತಿರುವ ಗಂಡನ ಮಾತಿನಲ್ಲಿ ಹಾಸ್ಯ ಯಾವಾಗಲೂ ಬೆರೆತಿರುವುದು ಅದಕ್ಕೇ. ಅವನು ದೊಡ್ಡ ಆಣೆ ಇಡುವವನಲ್ಲ.

ನಾವು ಇದನ್ನು ಸಿಹಿ ಮಾಡಿಕೊಂಡದ್ದು ಹಾಡಿನ ಮೂಲಕ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಸುಗಮ ಸಂಗೀತ ಕನ್ನಡ ಕವಿತೆಯನ್ನು ಅಡುಗೆಮನೆ, ಬಸ್ಸು, ಆಟೋಗಳವರೆಗೆ ಒಯ್ದಿತು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮಾಡಿದ ಉಪಕಾರ ಸಣ್ಣದಲ್ಲ. ನರಸಿಂಹಸ್ವಾಮಿಯವರ ಕವಿತೆಗಳು ಟಿ.ಎಸ್. ನಾಗಾಭರಣರ ಸಿನಿಮಾದ ತನಕ ಹೋದದ್ದೂ ಈ ದಾರಿಯಲ್ಲೇ. ಆದರೆ ಪಲ್ಲವಿಗೆ ಮತ್ತೆ ಮತ್ತೆ ಮರಳುವುದು ಹಾಡಿನ ಸ್ವಭಾವ. ಎಂಟು ಹತ್ತು ನುಡಿಗಳಲ್ಲಿ ಮನಸ್ಸು ಬದಲಾಗುತ್ತ ಹೋಗುವ ಕವಿತೆ ಮೂರು ನುಡಿಗೆ ಇಳಿದಾಗ ಅಳುಕು, ಅಣಕ, ಜಗಳಗಳೇ ಮೊದಲು ಉದುರುವುದು. ಉಳಿಯುವುದು ಮಲ್ಲಿಗೆ. ನವೋದಯ ಸುಲಭದ ಭರವಸೆ ಕೊಟ್ಟಿತೆಂದು ದೂರುವವರಲ್ಲಿ ಅನೇಕರು ದೂರುತ್ತಿರುವುದು ಕ್ಯಾಸೆಟ್ಟಿನ ನವೋದಯವನ್ನು.

ಕರೆದರೂ ಉತ್ತರ ಬಾರದಿದ್ದರೆ? ಈ ಪ್ರಶ್ನೆಯನ್ನು ಈ ಪರಂಪರೆ ತಾನೇ ಕೇಳಿಕೊಂಡಿದೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ನಾಟಕದಲ್ಲಿ ಅಕ್ರೂರ ಬಂದು ಕರೆದಾಗ ಕೃಷ್ಣ ಮಧುರೆಗೆ ಹೊರಡುತ್ತಾನೆ, ಕೊಳಲು ಹಿಂದೆ ಉಳಿಯುತ್ತದೆ. ಹೋದವನು ಮರಳುವುದಿಲ್ಲವೆಂದು ಪುರಾಣ ಬಲ್ಲ ಪ್ರೇಕ್ಷಕರಿಗೆಲ್ಲ ಗೊತ್ತು. ಕವಿ ಆ ತಿಳಿವಳಿಕೆಯನ್ನು ಮುಚ್ಚಿಡುವುದಿಲ್ಲ, ಮರಳುವನೆಂದು ಸುಳ್ಳು ಹೇಳುವುದೂ ಇಲ್ಲ. ಪು.ತಿ.ನ. ಭಕ್ತರಾದ್ದರಿಂದ ಅಗಲಿಕೆಯೂ ಒಂದು ಲೀಲೆಯಾಗಿ ಅವರಿಗೆ ಒದಗಿತು ಎನ್ನಬಹುದು. ಆ ಆಸರೆ ಇಲ್ಲದವರಿಗೆ ನಾಟಕ ಎಷ್ಟು ದೂರ ಜೊತೆ ಬರುತ್ತದೆ ಎಂಬುದು ಬೇರೆ ಮಾತು.

ಈಗ ನವ್ಯರ ಆಕ್ಷೇಪಕ್ಕೆ ಬರೋಣ. ಗೋಪಾಲಕೃಷ್ಣ ಅಡಿಗರ ‘ಚಂಡೆ ಮದ್ದಳೆ’ (1954), ‘ಭೂಮಿಗೀತ’ (1959) ಬಂದ ಹೊತ್ತಿಗೆ ಸ್ವಾತಂತ್ರ್ಯದ ಕನಸು ಮಾಸಿತ್ತು. ಹಳೆಯ ಲಯಕ್ಕೆ, ಹಳೆಯ ಮುದ್ದಿಗೆ ಹೊಸ ಅನುಭವದ ಒಡಕನ್ನು ಹೇಳುವ ಶಕ್ತಿಯಿಲ್ಲ ಎಂಬ ಅಡಿಗರ ನಿಲುವು ಸುಮ್ಮನೆ ಹುಟ್ಟಿದ್ದಲ್ಲ. ನವೋದಯದ ಅನುಕರಣೆಯ ಅನುಕರಣೆಯಾಗಿ ಬರುತ್ತಿದ್ದ ರಾಶಿ ರಾಶಿ ಪ್ರೇಮಗೀತೆಗಳನ್ನು ನೆನೆದರೆ ಅವರ ಬೇಸರ ನ್ಯಾಯವೇ ಅನ್ನಿಸುತ್ತದೆ. ಆದರೆ ನವ್ಯ ಕಾವ್ಯ ಭ್ರಮೆಯನ್ನು ಕಳಚುವಾಗ ಎದುರಿಗಿದ್ದ ವ್ಯಕ್ತಿಯನ್ನೂ ಕಳೆದುಕೊಂಡಿತು. ಅದರ ನಾಯಕ ಬಹುಮಟ್ಟಿಗೆ ತನ್ನೊಂದಿಗೆ ತಾನೇ ಮಾತಾಡುವವನು. ಅವನ ಪಾಲಿಗೆ ಹೆಣ್ಣು ಕಾಮದ ಅಥವಾ ನಿರಾಸೆಯ ನಿಮಿತ್ತ, ಮಾತಿನ ಜೊತೆಗಾರ್ತಿಯಾಗುವುದು ಅಪರೂಪ. ಪ್ರಾಮಾಣಿಕತೆ ಹೆಚ್ಚಿತು, ಸಂಸಾರ ಖಾಲಿಯಾಯಿತು. ನರಸಿಂಹಸ್ವಾಮಿ ಈ ಒತ್ತಡವನ್ನು ಎದುರಿಸಿದ ರೀತಿ ನೋಡಿ: ‘ಶಿಲಾಲತೆ’ಯಿಂದ (1958) ಅವರ ಕವಿತೆಗೆ ಪೇಟೆ, ಬೀದಿ, ಒಂಟಿತನಗಳು ಬಂದವು, ಮಾತು ಬಿಗಿಯಾಯಿತು. ‘ತೆರೆದ ಬಾಗಿಲು’ ತಲುಪುವಷ್ಟರಲ್ಲಿ ಅವರು ನವ್ಯದ ಸಂಶಯವನ್ನು ಒಳಗೆ ಕರೆದುಕೊಂಡೂ ಸಂಬೋಧನೆಯನ್ನು ಬಿಟ್ಟುಕೊಟ್ಟಿರಲಿಲ್ಲ. ವಯಸ್ಸಾದ ಪ್ರೀತಿಯ ಬಗ್ಗೆ ಕನ್ನಡದಲ್ಲಿ ಗಟ್ಟಿಯಾದ ಕವಿತೆಗಳು ಅಷ್ಟಿಷ್ಟಾದರೂ ಇರುವುದು ಈ ಹಟದಿಂದ.

ನವ್ಯರ ಆಕ್ಷೇಪಕ್ಕಿಂತ ಕಠಿಣವಾದುದು ಹೆಣ್ಣಿನ ಕಡೆಯಿಂದ ಬರುವ ಪ್ರಶ್ನೆ. ಇಷ್ಟೆಲ್ಲ ಕರೆಸಿಕೊಂಡ ಸಖಿ ತಾನು ಎಷ್ಟು ಮಾತಾಡಿದಳು? ಚೆನ್ನಯ್ಯ ತಂದ ಸುದ್ದಿ ಅವಳದ್ದೇ ಆದರೂ ಬಾಯಿ ಅವನದು. ತನ್ನನ್ನು ಮರೆತೆಯೆಂದು ದೂರುವ ಗಂಡನಿಗೆ ತೌರಿನಿಂದ ಹೆಂಡತಿ ಕೊಡುವ ಉತ್ತರವಾಗಿ ನರಸಿಂಹಸ್ವಾಮಿಯವರು ಬರೆದ ಒಂದು ಸುಂದರ ಕವಿತೆ ಇದೆ. ಪ್ರಶ್ನೆಗೆ ಅದು ಅರ್ಧ ಉತ್ತರ, ಏಕೆಂದರೆ ಆ ಹೆಂಡತಿಯನ್ನು ಊಹಿಸಿಕೊಂಡವನೂ ಗಂಡನೇ. ವಿಪರ್ಯಾಸವೆಂದರೆ ಕರೆದು ಹೇಳುವ ಈ ರೀತಿಯನ್ನು ನವೋದಯಕ್ಕೆ ಕಲಿಸಿದವರಲ್ಲಿ ಹೆಂಗಸರೇ ಮುಖ್ಯರು. ಹಲಸಂಗಿ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೆರೆದರೆ ಬೀಸುವವಳು ತಾಯಿಯನ್ನು, ಅಣ್ಣನನ್ನು, ಮಗುವನ್ನು, ಕಡೆಗೆ ಬೀಸುವ ಕಲ್ಲನ್ನೂ ಕರೆದು ಮಾತಾಡುತ್ತಾಳೆ. ಬೇಂದ್ರೆಯವರ ಭಾವಗೀತೆ ಆ ತ್ರಿಪದಿಗಳ ನೆರೆಯಲ್ಲಿ ಬೆಳೆದದ್ದು. ಲಯ ಬಂತು, ಆಪ್ತತೆ ಬಂತು, ಮಾತಾಡುವ ಬಾಯಿ ಮಾತ್ರ ಬದಲಾಯಿತು. ಕರೆಯುವವಳಾಗಿದ್ದವಳು ಕರೆಸಿಕೊಳ್ಳುವವಳಾದಳು. ಇದರ ಬೆಲೆಯನ್ನು ವೈದೇಹಿಯವರ ‘ಅಕ್ಕು’ ಕಥೆ ತೋರಿಸುತ್ತದೆ. ಗಂಡ ಬಿಟ್ಟುಹೋದ ಅಕ್ಕು ತನ್ನದೇ ಕಲ್ಪನೆಯ ಸಂಸಾರ ಕಟ್ಟಿಕೊಂಡು ಅದನ್ನು ಬಿಡದೆ ಹಿಡಿದಿದ್ದಾಳೆ. ನವೋದಯದ ಗಂಡ ಇಂಥ ಹಂಬಲವನ್ನು ಹಾಡಿದರೆ ಕವಿತೆ, ಅಕ್ಕು ಹಂಬಲಿಸಿದರೆ ಊರಿಗೆ ಅದು ಹುಚ್ಚು. ಭರವಸೆಗೂ ಒಬ್ಬ ಕೇಳುಗ ಬೇಕು, ಆ ಕೇಳುಗನನ್ನು ಸಮಾಜ ಎಲ್ಲರಿಗೂ ಒದಗಿಸುವುದಿಲ್ಲ. ಈ ಆಕ್ಷೇಪಕ್ಕೆ ನವೋದಯದ ಪರವಾಗಿ ಪೂರ್ಣ ಉತ್ತರ ನನ್ನಲ್ಲಿಲ್ಲ. ಕೇಳುಗ ಬೇಕೆಂಬ ಅರಿವನ್ನು ನಮ್ಮಲ್ಲಿ ಬೆಳೆಸಿದ್ದೂ ಅದೇ ಕಾವ್ಯ ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ಮಾತನ್ನೂ ಎದುರಿಸಬೇಕು. ಮಾವನ ಮನೆ, ತೌರು, ಅಂಗಳದ ಮಲ್ಲಿಗೆ, ಇವೆಲ್ಲ ಜಾತಿಯೊಳಗೆ ಹಿರಿಯರು ನಿಶ್ಚಯಿಸಿದ ಮದುವೆಯ ಸಲಕರಣೆಗಳು. ಇಲ್ಲಿ ಹೆಂಡತಿ ಇವತ್ತು ಬಾರದಿದ್ದರೆ ನಾಳೆ ಬಂದಾಳು, ಪ್ರೀತಿಸಿದ್ದಕ್ಕೆ ಊರು ಬಿಡಿಸುವವರು ಯಾರೂ ಇಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಕನ್ನಡ ಕಾವ್ಯದ ಅಂಗಳ ಎಷ್ಟು ಇಕ್ಕಟ್ಟಾಗಿತ್ತೆಂದು ತಿಳಿಯಿತು. ಈ ಆಕ್ಷೇಪ ಕವಿತೆಯ ಮಟ್ಟಿಗೆ ಸರಿ. ಆದರೆ ನವೋದಯವೆಂದರೆ ಕವಿತೆಯಷ್ಟೇ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಪ್ರೀತಿಯನ್ನು ಜೀವದ ಅಪಾಯದೊಳಗೆ ತಂದಿಟ್ಟಿತು. ಸಿಂಬಾವಿ ಒಡೆಯರ ಹೊಲೆಯಾಳು ಗುತ್ತಿ, ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಕಾಡು ದಾಟುತ್ತಾನೆ. ಅವರ ಹಿಂದೆ ಒಡೆಯರ ಅಧಿಕಾರವಿದೆ, ಮುಂದೆ ತುಂಬಿದ ತುಂಗೆಯಿದೆ. ಉದ್ದಕ್ಕೂ ಜೊತೆಗಿದ್ದ ನಾಯಿ ಹುಲಿಯನನ್ನು ಹೊಳೆ ಎಳೆದುಕೊಳ್ಳುತ್ತದೆ. ಕುವೆಂಪು ಅದನ್ನು ಉಳಿಸಬಹುದಿತ್ತು, ಉಳಿಸಲಿಲ್ಲ. ಗುತ್ತಿ ತಿಮ್ಮಿಯರ ಮುಂದಿನ ಬದುಕಿಗೆ ಕಾದಂಬರಿ ಯಾವ ಖಾತರಿಯನ್ನೂ ಕೊಡುವುದಿಲ್ಲ. ‘ಮೈಸೂರು ಮಲ್ಲಿಗೆ’ ಬಂದ ಇಪ್ಪತ್ತೈದು ವರ್ಷಗಳ ಮೇಲೆ, ನವ್ಯದ ಏರುಹೊತ್ತಿನಲ್ಲಿ, ನವೋದಯದ ಹಿರಿಯನೊಬ್ಬ ಇದನ್ನು ಬರೆದದ್ದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಕಾಲಕ್ರಮದ ತೊಡಕೆಂದು ಬದಿಗೆ ಸರಿಸುತ್ತವೆ. ಈ ಪರಂಪರೆ ತನ್ನ ಮಿತಿಯನ್ನು ತಾನೇ ಮುರಿದುಕೊಂಡ ಗಳಿಗೆ ಅದೆಂದು ಓದುವುದು ಹೆಚ್ಚು ಸರಿ.

ಎಚ್.ಎಸ್. ವೆಂಕಟೇಶಮೂರ್ತಿಯವರು ಹೆಂಡತಿ ತೀರಿಕೊಂಡ ಮೇಲೆ ಬರೆದ ‘ಉತ್ತರಾಯಣ’ದಲ್ಲಿ ‘ಸಖೀಗೀತ’ದ ರೀತಿ ತನ್ನ ಕೊನೆಯ ಪರೀಕ್ಷೆಗೆ ಬಂದಿತು. ಇಲ್ಲಿ ಸಖಿಯೇ ಇಲ್ಲ. ಬೇಂದ್ರೆಯವರ ಗಂಡನಿಗೆ ಅವಳು ಎದುರಿಗಿದ್ದಾಳೆ ಎಂಬುದಾದರೂ ಖಚಿತವಿತ್ತು. ರಾಯರಿಗೆ ಬೆಳಗಾದರೆ ಅವಳು ಸಿಗುವಳೆಂಬುದು ಗೊತ್ತಿತ್ತು. ಈ ಕವಿತೆಗೆ ಎರಡೂ ಇಲ್ಲ. ಆದರೂ ಅದು ನವ್ಯದ ಸ್ವಗತಕ್ಕೆ ಹಿಂದಿರುಗಲಿಲ್ಲ, ಪರಲೋಕದಲ್ಲಿ ಕೂಡುವ ಮಾತನ್ನು ಆಶ್ರಯಿಸಿ ತಪ್ಪಿಸಿಕೊಳ್ಳಲೂ ಇಲ್ಲ. ಸಾವಿನ ಸುತ್ತಲಿನ ಮನೆಯ ವಿವರಗಳನ್ನು ಒಂದೊಂದಾಗಿ ಎದುರಿಸುತ್ತ ಹೋಗುವ ಅದರ ತಾಳ್ಮೆಯಲ್ಲಿ, ಅದನ್ನೆಲ್ಲ ಕೇಳಬೇಕಾದವಳ ಜಾಗ ಹಾಗೆಯೇ ಇದೆ. ಅನುಕರಿಸಲು ಸುಲಭವಾದ ಮಲ್ಲಿಗೆ, ಬಳೆ, ಬೆಳದಿಂಗಳನ್ನು ಹಿಂಬಾಲಿಸಿದ ನೂರಾರು ಕವಿಗಳಿಗೆ ನವೋದಯದಿಂದ ದಕ್ಕದೆ ಹೋದದ್ದು ಇವರಿಗೆ ದಕ್ಕಿದೆ. ಗಂಡನನ್ನು ಕಳೆದುಕೊಂಡ, ಅಥವಾ ಗಂಡನೇ ಬಿಟ್ಟುಹೋದ ಹೆಣ್ಣೊಬ್ಬಳು ಇಷ್ಟೇ ದೀರ್ಘವಾಗಿ, ಊರಿನ ಮಾತಿಗೆ ಅಂಜದೆ ತನ್ನವನನ್ನು ಕರೆದು ಲೆಕ್ಕ ಕೇಳುವ ಕಾವ್ಯವನ್ನು ಪಕ್ಕದಲ್ಲಿಟ್ಟು ಓದುವ ತನಕ ‘ಸಖೀಗೀತ’ದ ವಿಮರ್ಶೆ ಒಂದು ಕಡೆಯದಾಗಿಯೇ ಇರುತ್ತದೆ.